ಕಡ್ಡಿಯಿಟ್ಟ ಓಕಾರ

ಕನ್ನಡ ಮೇಷ್ಟರ ಕೆಲಸದಿಂದ ನಿವೃತ್ತನಾದವನು ಊರಿನಲ್ಲಿಯೇ ಉಳಿದರೆ ಗಮಕವಾಚನದ ಸಭೆಗೆ ಅಧ್ಯಕ್ಷನಾಗುವುದಕ್ಕೋ, ನೆಂಟರ ಮನೆಯ ಲಗ್ನಪತ್ರಿಕೆಯ ಒಕ್ಕಣೆಯನ್ನು ತಿದ್ದುವುದಕ್ಕೋ ಸಲ್ಲುತ್ತಾನೆ. ಅದೇ ಮನುಷ್ಯ ಮಗಳ ಒತ್ತಾಯಕ್ಕೆ ಕಟ್ಟುಬಿದ್ದು ಪೋಲೆಂಡ್ ದೇಶದ ಕ್ರಾಕೋವ್ ನಗರದಲ್ಲಿ ಬಂದು ನೆಲಸಿದನೆಂದರೆ, ಗಮಕಿಗಳೂ ಲಗ್ನಪತ್ರಿಕೆಗಳೂ ಇಲ್ಲದ ಆ ಶೀತಪ್ರದೇಶದಲ್ಲಿ ತಿದ್ದುವ ಚಪಲವೊಂದು ಮಾತ್ರ ಬೆರಳ ತುದಿಯಲ್ಲಿ ಉಳಿದುಕೊಂಡು, ತಿದ್ದಲು ಏನೂ ಸಿಕ್ಕದೆ, ಹಗಲಿರುಳೂ ತುರಿಸತೊಡಗುತ್ತದೆ. ನಾನು ಪೋಲಿಷ್ ಭಾಷೆಯನ್ನು ಕಲಿಯಹೊರಟುದು ಈ ತುರಿಕೆಯ ಉಪಶಮನಾರ್ಥವಾಗಿ. ಟ್ರಾಮು ಹತ್ತಿ ಇಳಿಯುವುದಕ್ಕೂ ಅಂಗಡಿಯಲ್ಲಿ ಆಲೂಗೆಡ್ಡೆ ಕೇಳುವುದಕ್ಕೂ ಸಾಲುವಷ್ಟು ಕಲಿತರೆ ಸಾಕು, ಅದೂ ಆಗದಿದ್ದರೆ ಫೋನು ಇದೆಯಲ್ಲ ಎಂದು ಅಳಿಯಂದಿರು ಹೇಳಿದರು. ಆಲೂಗೆಡ್ಡೆ ನನ್ನ ಗುರಿಯಾಗಿರಲಿಲ್ಲ. ಆ ಭಾಷೆಯನ್ನು ಅಲ್ಲಿಯ ಶಿಷ್ಟರು ತಲೆದೂಗುವಂತೆ ಬರೆಯಬೇಕು, ದೈವಾನುಗ್ರಹವಿದ್ದರೆ ಇನ್ನೊಬ್ಬರು ಬರೆದುದನ್ನು ತಿದ್ದಲೂ ಬೇಕು ಎಂಬುದು ನನ್ನ ಹಂಬಲ. ಮಾತಾಡುವುದು ಹೇಗಾದರೂ ಆದೀತು.

ಕೆಳಗಿನ ಮಹಡಿಯಲ್ಲಿ ವಾಸವಾಗಿರುವ ವೃದ್ಧ ಮಹಿಳೆಯೊಬ್ಬರು, ಪ್ರಕಾಶನಸಂಸ್ಥೆಯೊಂದರಲ್ಲಿ ಪ್ರೂಫು ನೋಡುವುದರಲ್ಲಿಯೇ ಆಯುಷ್ಯವನ್ನು ಸವೆಸಿದವರು, ಈಗಲೂ ಔಷಧದ ಶೀಸೆಯೊಡನೆ ಬರುವ ಚೀಟಿಯನ್ನು ಕೈಯಲ್ಲಿ ಪೆನ್ಸಿಲು ಹಿಡಿಯದೆ ಓದಲಾರದವರು, ನನ್ನನ್ನು ಶಿಷ್ಯನನ್ನಾಗಿ ಅಂಗೀಕರಿಸಿದರು. ಆ ದೇಶದಲ್ಲಿ ಹೆಂಗಸರನ್ನು 'ಪಾನಿ' ಎಂದೂ ಗಂಡಸರನ್ನು 'ಪಾನ್' ಎಂದೂ ಗೌರವಿಸಿ ಮಾತಾಡಿಸಬೇಕು. ಆದಕಾರಣ ಅವರು ನನಗೆ ಪಾನಿ. ನಾನು ಹೈಸ್ಕೂಲಿನಲ್ಲಿ ಪಾಠ ಹೇಳಿದವನೆಂದು ತಿಳಿದಾಗ ಅವರು ನನ್ನನ್ನು ಪ್ರೊಫೆಸರೆಂದು ಕರೆಯಲಾರಂಭಿಸಿದರು. ನಾನು ಸಂಕೋಚದಿಂದ ನಿವಾರಿಸಲೆತ್ನಿಸಿದೆ. ಹೈಸ್ಕೂಲಿನ ಮೇಷ್ಟರುಗಳನ್ನು ಪ್ರೊಫೆಸರೆಂದು ಕರೆಯುವುದು ಪೋಲೆಂಡಿನ ಶಾಲೆಗಳ ಹಳೆಯ ಸಂಪ್ರದಾಯವೆಂದು ಅವರು ವಿವರಿಸಿದ ಮೇಲೆ, ನಮ್ಮ ನಾಡಿನ ಯಾವ ವಿಶ್ವವಿದ್ಯಾನಿಲಯಕ್ಕೂ ತೋಚದಿದ್ದ ಪದವಿಯೊಂದು ಒಂದು ಮಹಡಿಯ ಮೆಟ್ಟಿಲಿಳಿದಷ್ಟರಿಂದಲೇ ನನಗೆ ಲಭಿಸಿದುದನ್ನು ಸ್ವೀಕರಿಸಿ ಸುಮ್ಮನಾದೆ.

ಈ ಬಿರುದಿನಿಂದಲೇ ಮೊದಲ ಪಾಠ ಆರಂಭವಾಯಿತು. ಪೋಲಿಷಿನಲ್ಲಿಯೂ ವಿಭಕ್ತಿಗಳು ಏಳು, ಸಂಬೋಧನೆಯೂ ಸೇರಿ. ಪ್ರೊಫೆಸರ್ ಎಂಬ ಪದವನ್ನು ಸಂಬೋಧನೆಯಲ್ಲಿ ಹೇಳಿದರೆ 'ಪಾನ್ಯೆ ಪ್ರೊಫೆಸೊಝೆ' ಎಂದಾಗುತ್ತದೆ. ಅಂದರೆ ಕೊನೆಯ ರೇಫ ಕರಗಿ ಝಕಾರವಾಗುತ್ತದೆ. ಕೇಳಲು ಝಕಾರವೇ ಆದರೂ ಬರೆಯುವಾಗ ಆ ರೇಫವನ್ನು ಬಿಡತಕ್ಕದ್ದಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಅಕ್ಷರವನ್ನು ಕೂಡಿಸಿ ಜೋಡಿಯಾಗಿ ಬರೆಯಬೇಕು. ಹಾಗಾದರೆ ಎಲ್ಲ ಝಕಾರಗಳನ್ನೂ ಆ ಜೋಡಿಯಿಂದಲೇ ಬರೆಯೋಣವೆಂದರೆ, ಕೂಡದು. ತಲೆಯ ಮೇಲೆ ಚುಕ್ಕೆಯಿಟ್ಟ ಇನ್ನೊಂದು ಅಕ್ಷರಕ್ಕೂ ಅದೇ ಧ್ವನಿ. 'ಮೊಝೆ' ಎಂದು ಕಿವಿಗೆ ಬಿದ್ದರೆ ಅದು ಸಮುದ್ರವೂ ಆಗಬಹುದು, 'ಬಹುಶಃ' ಎಂಬ ಅವ್ಯಯವೂ ಆಗಬಹುದು. ಸಮುದ್ರಕ್ಕೆ ಜೋಡಿ, ಸಂದೇಹಕ್ಕೆ ಚುಕ್ಕೆ. ಹಕಾರಕ್ಕೂ ಎರಡು ವೇಷಗಳುಂಟು: ಬೆಳಗ್ಗೆ ಕುಡಿಯುವ ಚಹಾಕ್ಕೆ ಒಂಟಿ ಹಕಾರ, ಅದರೊಡನೆ ತಿನ್ನುವ ಬ್ರೆಡ್ಡಿಗೆ ಎರಡಕ್ಷರದ ಜೋಡಿ ಹಕಾರ. ಇನ್ನು ಉಕಾರದ ವಿಷಯ. ಅದನ್ನು ಉಕಾರದಿಂದ ಬರೆಯಬಹುದು. ಇಲ್ಲವೆ ಓಕಾರವನ್ನು ಬರೆದು ಅದರ ತಲೆಯ ಮೇಲೆ ಓರೆಯಾಗಿ ಒಂದು ಕಡ್ಡಿಯನ್ನಿಟ್ಟು, ಬರೆದುದನ್ನು ನಂಬಬೇಡಿರಿ, ಇದನ್ನು ಉಕಾರವೆಂದೇ ಓದಿಕೊಳ್ಳಿರಿ ಎಂದು ಓದುಗನಿಗೆ ಸೂಚಿಸಬಹುದು.

ಪೋಲಿಷರು ದೇವರನ್ನು 'ಬುಕ್' ಎನ್ನುತ್ತಾರೆ. ಅವರ ಪೂರ್ವದ ಗಡಿಯಲ್ಲಿ ಹರಿಯುವ ನದಿಯೊಂದಕ್ಕೂ ಬುಕ್ ಎಂದೇ ಹೆಸರು. ಬೀಚ್ ಎಂಬ ಮರವೂ ಬುಕ್. ಅದ್ವೈತದ ನಾಡಿನಿಂದ ಬಂದವನಿಗೆ ದೇವರೂ ನದಿಯೂ ಮರವೂ ಒಂದೇ ಎಂಬುದನ್ನು ಒಪ್ಪುವುದರಲ್ಲಿ ಕಷ್ಟವೇನೂ ಇಲ್ಲ. ಕಷ್ಟವಿರುವುದು ಒಂದೇ ಆದ ಆ ತತ್ತ್ವವನ್ನು ಮೂರು ಬಗೆಯಾಗಿ ಬರೆಯಬೇಕೆಂಬಲ್ಲಿ. ದೇವರಿಗೆ ಕಡ್ಡಿಯಿಟ್ಟ ಓಕಾರ, ಕೊನೆಗೆ ಗಕಾರ. ನದಿಗೆ ಬರಿಯ ಉಕಾರ, ಕೊನೆಗೆ ಗಕಾರ. ಮರಕ್ಕೆ ಮಾತ್ರ ನುಡಿದಂತೆಯೇ ಬರೆಹ. ಹಾಗೇಕೆಂದು ಕೇಳಿದಾಗ ಪಾನಿಯವರು ಹೇಳಿದ ಉಪಾಯವು ನನಗೆ ಪರಮಾಪ್ತವಾಯಿತು, ಏಕೆಂದರೆ ಅದು ನಮ್ಮಲ್ಲಿ ಹೆಣ್ಣು ತರುವ ಮುನ್ನ ಮಾಡುವ ವಿಚಾರಣೆಯೇ ಆಗಿತ್ತು. ಪದವನ್ನು ಬರೆಯುವ ಮೊದಲು ಅದರ ಕುಲಗೋತ್ರಗಳನ್ನು ವಿಚಾರಿಸಬೇಕು: ಅಣ್ಣತಮ್ಮಂದಿರು ಯಾರು, ಬೇರೆ ವಿಭಕ್ತಿಯಲ್ಲಿ ಅದರ ನಡವಳಿಕೆ ಹೇಗೆ? 'ದೇವರ' ಎಂದು ಹೇಳುವಾಗ ಬುಕ್ ಎಂಬುದು 'ಬೊಗಾ' ಆಗುತ್ತದೆ. ಮನೆತನದಲ್ಲಿ ಓಕಾರವಿದೆಯೆಂದು ಗೊತ್ತಾಯಿತಲ್ಲ, ಕಡ್ಡಿಯಿಡಿರಿ. ನಾನು ವಾಸವಾಗಿರುವ ನಗರವನ್ನು ಅಲ್ಲಿಯವರು ಕರೆಯುವುದು 'ಕ್ರಾಕುಫ್' ಎಂದು. ಆದರೆ 'ಕ್ರಾಕೋವಿನ' ಎನ್ನಬೇಕಾದಾಗ 'ಕ್ರಾಕೊವಾ' ಎನ್ನುತ್ತಾರೆ. ಆದ್ದರಿಂದ ಅದಕ್ಕೂ ಕಡ್ಡಿ. ಸಭ್ಯ ಕುಟುಂಬದ ಪದಗಳೆಲ್ಲ ಈ ವಿಚಾರಣೆಗೆ ಓಗೊಡುತ್ತವೆ. ಓಗೊಡದವುಗಳೂ ಇವೆ. ಪಕಾರದ ಮುಂದೆ ಸಾಮಾನ್ಯವಾಗಿ ರೇಫದ ಜೋಡಿಯೇ ಬರತಕ್ಕದ್ದು ಎಂಬ ಸೂತ್ರವನ್ನು ಜೇನುಹುಳವೂ ಗೋದಿಯೂ ಧಿಕ್ಕರಿಸಿವೆ. ಕೋಗಿಲೆಯ ಜಾತಿಯ ಹಕ್ಕಿಯೊಂದಕ್ಕೆ ಪ್ರಾಂತ್ಯಭಾಷೆಯಲ್ಲಿ 'ಗ್ಝೆಗ್ಝುವ್ಕಾ' ಎಂಬ ಹೆಸರುಂಟು. ಎರಡು ಚುಕ್ಕೆಯನ್ನೂ ಒಂದು ಕಡ್ಡಿಯನ್ನೂ ಹೊತ್ತ ಈ ಪದವನ್ನು ಮಾತಿನಲ್ಲಿ ಬಳಸುವವರನ್ನು ನಾನು ಕಂಡಿಲ್ಲ, ಬರೆಯಲು ಬಾರದವರನ್ನೂ ಕಂಡಿಲ್ಲ. ಶಾಲೆಯ ಮಕ್ಕಳ ಉಕ್ತಲೇಖನಕ್ಕಾಗಿಯೇ ಆ ಪಕ್ಷಿಯನ್ನು ಸಾಕಿಕೊಂಡು ಬಂದಿರುವಂತೆ ತೋರುತ್ತದೆ.

ಈ ಇಬ್ಬಂದಿತನ ಸುಮ್ಮನೆ ಹುಟ್ಟಿದ್ದಲ್ಲ. ಕಡ್ಡಿಯಿಟ್ಟ ಓಕಾರವು ಒಂದು ಕಾಲದಲ್ಲಿ ದೀರ್ಘ ಓಕಾರವಾಗಿತ್ತು. ರೇಫದ ಜೋಡಿಗೆ ಅದರದೇ ಆದ ಧ್ವನಿಯಿತ್ತು. ಎರಡು ಹಕಾರಗಳನ್ನೂ ಬೇರೆ ಬೇರೆಯಾಗಿ ನುಡಿಯುತ್ತಿದ್ದರು. ಧ್ವನಿಗಳು ಸತ್ತವು, ಅಕ್ಷರಗಳು ಉಳಿದವು. ಕನ್ನಡ ಓದಿದವನಿಗೆ ಇದು ಅಪರಿಚಿತವಲ್ಲ. ಸುಮಾರು 1260ರಲ್ಲಿ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ೞಕಾರವುಳ್ಳ ಪದಗಳನ್ನು ಪಟ್ಟಿಮಾಡಿ ಕೊಟ್ಟನಲ್ಲವೆ. ಕಿವಿ ಕೈಕೊಟ್ಟಲ್ಲದೆ ಪಟ್ಟಿ ಬೇಕಾಗುವುದಿಲ್ಲ. ಆಮೇಲೆ ನಾವು ೞಕಾರವನ್ನೂ ಱಕಾರವನ್ನೂ ವರ್ಣಮಾಲೆಯಿಂದಲೇ ಬಿಟ್ಟುಬಿಟ್ಟೆವೆಂದು ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಾಗ ಪಾನಿಯವರು ಕನ್ನಡಕವನ್ನು ತೆಗೆದು ನನ್ನನ್ನು ದಿಟ್ಟಿಸಿ ನೋಡಿದರು. "ಬಿಟ್ಟುಬಿಟ್ಟಿರಾ? ಹಾಗಾದರೆ ನಿಮ್ಮ ಮಕ್ಕಳು ಶಾಲೆಯಲ್ಲಿ ಯಾವುದನ್ನು ತಪ್ಪು ಬರೆಯುತ್ತಾರೆ, ಪಾನ್ಯೆ ಪ್ರೊಫೆಸೊಝೆ?" ನಮ್ಮಲ್ಲಿ ಶಕಾರ ಷಕಾರಗಳುಂಟೆಂದೂ, ಅಲ್ಪಪ್ರಾಣ ಮಹಾಪ್ರಾಣಗಳುಂಟೆಂದೂ, ಹಕಾರವಿರಬೇಕಾದಲ್ಲಿ ಅಕಾರವನ್ನೂ ಅಕಾರವಿರಬೇಕಾದಲ್ಲಿ ಹಕಾರವನ್ನೂ ಬರೆಯುವ ಪ್ರತಿಭಾಶಾಲಿಗಳಿಗೆ ಕೊರತೆಯಿಲ್ಲವೆಂದೂ ಹೇಳಿ ಸಮಾಧಾನಪಡಿಸಬೇಕಾಯಿತು.

ಕೇಶಿರಾಜನ ಕಾಲದ ಆಸುಪಾಸಿನಲ್ಲಿಯೇ, ಅಂದರೆ 1270ರ ಸುಮಾರಿಗೆ, ಹೆನ್ರಿಕುಫ್ ಎಂಬಲ್ಲಿಯ ಕ್ರೈಸ್ತ ಮಠವೊಂದರ ಲ್ಯಾಟಿನ್ ದಾಖಲೆಯಲ್ಲಿ, ಇಂದಿಗೆ ಲಭ್ಯವಿರುವ ಅತ್ಯಂತ ಪ್ರಾಚೀನ ಪೋಲಿಷ್ ವಾಕ್ಯವೆಂದು ಪ್ರಸಿದ್ಧವಾದುದು ಬರೆಯಲ್ಪಟ್ಟಿತು. ಒಬ್ಬ ಗಂಡನು ಬೀಸುವ ಕಲ್ಲಿನ ಮುಂದೆ ದಣಿದು ಕುಳಿತ ಹೆಂಡತಿಗೆ, ನಾನು ಬೀಸುತ್ತೇನೆ, ನೀನು ವಿಶ್ರಮಿಸಿಕೊ ಎಂದು ಹೇಳಿದ ಮಾತು ಅದು. ರಾಜಶಾಸನವಲ್ಲ, ಧರ್ಮಸೂತ್ರವಲ್ಲ, ಹಿಟ್ಟು ಬೀಸುವ ಮಾತು ಒಂದು ಭಾಷೆಯ ಆದಿವಾಕ್ಯವಾದುದು ಸಂತೋಷದ ಸಂಗತಿಯೇ. ಇಂದಿನ ನಿಯಮಗಳನ್ನು ಹಿಡಿದು ನೋಡಿದರೆ ಅದರಲ್ಲಿ ಕೆಂಪು ಗೆರೆ ಬೀಳದ ಪದ ಸಿಕ್ಕುವುದು ದುರ್ಲಭ. ಆದರೆ ಅದನ್ನು ಮಾತ್ರ ಪಾನಿಯವರು ತಿದ್ದುವುದಿಲ್ಲ. ಅಂಥ ಗಂಡಸಿನ ಕಾಗುಣಿತವನ್ನು ನೋಡಬಾರದೆಂದು ಅವರ ಮತ.

ಬಳಿಕ ಬಂದ ವಿದ್ವಾಂಸರು ಸುಮ್ಮನಿರಲಿಲ್ಲ. 1440ರ ಹೊತ್ತಿಗೆ ಕ್ರಾಕೋವಿನ ಯಾಕುಬ್ ಪಾರ್ಕೊಶೊವಿತ್ಸ್ ಎಂಬುವರು ಪೋಲಿಷನ್ನು ಹೇಗೆ ಬರೆಯಬೇಕೆಂಬುದರ ಮೇಲೆ ಒಂದು ಪ್ರಬಂಧವನ್ನು ರಚಿಸಿದರು. 1594ರಲ್ಲಿ ಅದೇ ನಗರದ ಮುದ್ರಕ ಯಾನುಶೊಫ್ಸ್ಕಿಯವರು ಅಚ್ಚುಮಾಡಿದ ಪುಸ್ತಕವೊಂದರಲ್ಲಿ ಮೂವರ ಮೂರು ಬರೆವಣಿಗೆಯ ಪದ್ಧತಿಗಳು ಪಕ್ಕಪಕ್ಕದಲ್ಲಿ ಕುಳಿತಿವೆ: ಒಂದು ಮುದ್ರಕರದೇ, ಒಂದು ಲೇಖಕ ಗುರ್ನಿತ್ಸ್ಕಿಯವರದು, ಇನ್ನೊಂದು ಮಹಾಕವಿ ಕೊಹಾನೊಫ್ಸ್ಕಿಯವರದು. ಕವಿಗಳು ಕಾಲವಾಗಿ ಆಗಲೇ ಹತ್ತು ವರ್ಷವಾಗಿತ್ತು; ಆದರೂ ತಮ್ಮ ಪಕ್ಷವನ್ನು ಬಿಟ್ಟಿರಲಿಲ್ಲ. 1795ರಿಂದ 1918ರವರೆಗೆ ಪೋಲೆಂಡ್ ಎಂಬ ರಾಷ್ಟ್ರವೇ ಭೂಪಟದಲ್ಲಿ ಇರಲಿಲ್ಲವಾದ್ದರಿಂದ, ಮೂರು ಸಾಮ್ರಾಜ್ಯಗಳು ಹಂಚಿಕೊಂಡ ಆ ನೆಲದಲ್ಲಿ ಗಡಿಯೆಂದು ಕಾಯುವುದಕ್ಕೆ ಉಳಿದುದು ಭಾಷೆಯೊಂದೇ. 1901ರಲ್ಲಿ ವ್ಝೆಶ್ನ್ಯಾ ಎಂಬ ಊರಿನ ಶಾಲೆಯ ಮಕ್ಕಳು ಧರ್ಮಪಾಠವನ್ನು ಜರ್ಮನಿನಲ್ಲಿ ಒಪ್ಪಿಸಲಾರೆವೆಂದು ಹಟ ಹಿಡಿದು ಬೆತ್ತದ ಏಟು ತಿಂದರು. ಇಂಥ ಚರಿತ್ರೆಯುಳ್ಳವರು ಅಲ್ಪವಿರಾಮಕ್ಕಾಗಿ ಮುನಿದುಕೊಂಡರೆ ಪರದೇಶಿಯಾದ ನಾನು ನಗುವಾಗ ಸ್ವಲ್ಪ ಬಾಯಿಗೆ ಕೈ ಅಡ್ಡವಿಟ್ಟು ನಗಬೇಕಾಗುತ್ತದೆ. ಕಡೆಗೆ 1936ರಲ್ಲಿ ಸಮಿತಿಯೊಂದು ಕುಳಿತು ಇಡೀ ದೇಶಕ್ಕೆ ಒಂದೇ ಪದ್ಧತಿಯನ್ನು ನಿರ್ಣಯಿಸಿತು. ಆ ನಿರ್ಣಯದಂತೆ ಮರಿಯಾ ಎಂಬ ಹೆಸರಿನ ನಡುವಣ ಯಕಾರವು ಹೋಗಿ ಇಕಾರ ಬಂದಿತು. ದೇಶದ ಮರಿಯಾಗಳೆಲ್ಲ ಒಂದು ಅಕ್ಷರವನ್ನು ಒಪ್ಪಿಸಿ ಇನ್ನೊಂದನ್ನು ಪಡೆದುಕೊಳ್ಳಬೇಕಾಯಿತು. ಪಾನಿಯವರ ತಾಯಿಯ ಹೆಸರೂ ಮರಿಯಾ. ಆಕೆ ಕೊನೆಯವರೆಗೂ ಹಳೆಯ ಯಕಾರದಿಂದಲೇ ರುಜು ಹಾಕುತ್ತಿದ್ದರಂತೆ. ಮಗಳು ಅದನ್ನು ತಿದ್ದುವ ಧೈರ್ಯ ಮಾಡಲಿಲ್ಲವಂತೆ.

ಕಾಗುಣಿತವನ್ನಾದರೂ ನಿಘಂಟು ನೋಡಿ ನಿಭಾಯಿಸಬಹುದು, ಅಲ್ಪವಿರಾಮಕ್ಕೆ ನಿಘಂಟಿಲ್ಲ. ಕನ್ನಡದಲ್ಲಿ ನಾವು ಉಸಿರು ನಿಂತಲ್ಲಿ ಅಲ್ಪವಿರಾಮವನ್ನಿಟ್ಟು ಮುಂದೆ ಸಾಗುವವರು. ಪೋಲಿಷಿನಲ್ಲಿ ಅದಕ್ಕೂ ಉಸಿರಿಗೂ ಸಂಬಂಧವಿಲ್ಲ, ವ್ಯಾಕರಣಕ್ಕೆ ಮಾತ್ರ ಸಂಬಂಧ. ಉಪವಾಕ್ಯ ಬಂದಲ್ಲಿ, ಅದು ಎಷ್ಟೇ ಚಿಕ್ಕದಾಗಿರಲಿ, ಓದುವವನು ಒಂದೇ ಉಸಿರಿನಲ್ಲಿ ಓಡುತ್ತಿರಲಿ, ಅಲ್ಪವಿರಾಮ ಇರಲೇಬೇಕು. ಉಪವಾಕ್ಯವನ್ನು ಆರಂಭಿಸುವ ಅವ್ಯಯಕ್ಕೆ ಮೊದಲು ಇಡುವುದು ರೂಢಿಯಾದರೂ, ಆ ಅವ್ಯಯವು ತನಗೆ ಮುಂಚಿನ ಪದವೊಂದರೊಡನೆ ಬೆಸೆದುಕೊಂಡಿದ್ದರೆ ಅಲ್ಪವಿರಾಮವು ಎರಡಕ್ಕೂ ಹಿಂದೆ ಸರಿದು ನಿಲ್ಲಬೇಕು. ಈ ಹಿಂದಕ್ಕೆ ಸರಿಯುವಿಕೆಗೆ ಅವರ ವ್ಯಾಕರಣದಲ್ಲಿ ಪ್ರತ್ಯೇಕವಾದ ಹೆಸರೇ ಇದೆ.

ಇದರ ಪ್ರಯೋಗವನ್ನು ನಾನು ಕಣ್ಣಾರೆ ಕಂಡುದು ನಮ್ಮ ಕಟ್ಟಡದ ಮೆಟ್ಟಿಲ ಬಳಿಯ ಸೂಚನಾಫಲಕದ ಮುಂದೆ. ಮೆಟ್ಟಿಲ ಮೇಲೆ ಸೈಕಲ್ಲುಗಳನ್ನು ಬಿಟ್ಟುಹೋಗುವ ನಿವಾಸಿಗಳು ಅವನ್ನು ತೆಗೆಯಬೇಕೆಂದು ಕಟ್ಟಡದ ಆಡಳಿತದವರು ಒಂದು ಕಾಗದವನ್ನು ಅಂಟಿಸಿದ್ದರು. ಪಾನಿಯವರು ಕಸದ ಚೀಲವನ್ನು ಕೆಳಗಿಟ್ಟು, ಕೋಟಿನ ಜೇಬಿನಿಂದ ಪೆನ್ನನ್ನು ತೆಗೆದು, 'ಯಾವ ನಿವಾಸಿಗಳು' ಎಂಬ ಉಪವಾಕ್ಯದ ಮುಂದೊಂದು ಹಿಂದೊಂದು ಅಲ್ಪವಿರಾಮವನ್ನು ಸ್ಥಾಪಿಸಿ, ಸಾಲಿನ ಕೊನೆಯಲ್ಲಿ ಒಂಟಿಯಾಗಿ ನೇತುಬಿದ್ದಿದ್ದ ಒಂದಕ್ಷರದ ಅವ್ಯಯವನ್ನು ಬಾಣದ ಗುರುತಿನಿಂದ ಮುಂದಿನ ಸಾಲಿಗೆ ದಾಟಿಸಿ, ಚೀಲವನ್ನೆತ್ತಿಕೊಂಡು ಹೋದರು. ಸೈಕಲ್ಲು ಅವರದೇ. ಅದು ಈಗಲೂ ಅಲ್ಲಿಯೇ ಇದೆ. ಸಾಲಿನ ಕೊನೆಯಲ್ಲಿ ಬಿಟ್ಟುಹೋದ ಆ ಒಂಟಿ ಅವ್ಯಯಕ್ಕೆ ಪೋಲಿಷ್ ಮುದ್ರಣಾಲಯಗಳಲ್ಲಿ 'ಅನಾಥೆ' ಎಂದು ಹೆಸರು. ಪುಟದ ತಲೆಯಲ್ಲಿ ಒಂಟಿಯಾಗಿ ಬಂದು ಕೂರುವ ಪ್ಯಾರಾದ ಕೊನೆಯ ಸಾಲಿಗೆ ಇಲ್ಲಿ ಬರೆಯಲಾಗದ ಬೈಗುಳವೇ ಪಾರಿಭಾಷಿಕ ಪದ. ಪುಟದ ಬುಡದಲ್ಲಿ ಒಂಟಿಯಾಗಿ ಉಳಿಯುವ ಮೊದಲ ಸಾಲಿಗೆ, ಕಾರಣವೇನೋ, 'ಮೋಚಿ' ಎನ್ನುತ್ತಾರೆ.

ಕಾಗದವನ್ನು ತಿದ್ದಬಹುದು, ಹಿತ್ತಾಳೆಯನ್ನು ತಿದ್ದಲಾಗುವುದಿಲ್ಲ. ನೆಲಮಹಡಿಯಲ್ಲಿ ಒಬ್ಬ ವೈದ್ಯರ ಹಿತ್ತಾಳೆಯ ನಾಮಫಲಕವಿದೆ. ಅದರಲ್ಲಿ ಡಾಕ್ಟರೆಂಬುದರ ಸಂಕ್ಷೇಪದ ಮುಂದೆ ಒಂದು ಬಿಂದುವನ್ನು ಕೊರೆಸಲಾಗಿದೆ. ಪೋಲಿಷ್ ನಿಯಮದಂತೆ, ಪದದ ಮೊದಲ ಅಕ್ಷರವನ್ನೂ ಕೊನೆಯ ಅಕ್ಷರವನ್ನೂ ಇಟ್ಟುಕೊಂಡು ನಡುವೆ ಸಂಕ್ಷೇಪಿಸಿದ್ದರೆ ಬಿಂದು ಸಲ್ಲದು. ಆದರೆ ಡಾಕ್ಟರರ, ಡಾಕ್ಟರರಿಗೆ ಎಂದು ವಿಭಕ್ತಿ ಹತ್ತಿದಾಗ ಕೊನೆಯ ಅಕ್ಷರ ಬದಲಾಗುವುದರಿಂದ ಅದೇ ಬಿಂದು ಸಾಧುವಾಗುತ್ತದೆ. ಈ ಫಲಕವನ್ನು ದಿನಕ್ಕೆರಡು ಸಲ ಹಾದುಹೋಗಬೇಕಾದ ಪಾನಿಯವರು ಅದನ್ನು ಷಷ್ಠೀ ವಿಭಕ್ತಿಯೆಂದು ಭಾವಿಸಿಕೊಂಡು ಓದಿ ಕೆಲವು ಕಾಲ ನೆಮ್ಮದಿಯಿಂದಿದ್ದರು. ಹಾಗಿದ್ದರೆ ವೈದ್ಯರ ಮನೆತನದ ಹೆಸರೂ ಷಷ್ಠಿಯಲ್ಲಿರಬೇಕಿತ್ತಲ್ಲ, ಅದು ಪ್ರಥಮೆಯಲ್ಲಿದೆ ಎಂಬುದು ಒಂದು ದಿನ ಹೊಳೆಯಿತು. ಅಂದಿನಿಂದ ಅವರು ಹಿಂಬಾಗಿಲಿನಿಂದ ಓಡಾಡುತ್ತಾರೆ.

ಸಂಖ್ಯೆಗಳ ವಿಷಯವನ್ನು ವಿಸ್ತರಿಸಿದರೆ ಓದುಗರು ಎದ್ದುಹೋಗುವ ಭಯವಿದೆ. ಆದರೂ ಒಂದು ಮಾತನ್ನು ಹೇಳದೆ ಬಿಡಲಾರೆ. ಇಬ್ಬರು, ಮೂವರು, ನಾಲ್ವರು ಹೆಂಗಸರು ಬಂದರೆ ಪೋಲಿಷಿನಲ್ಲಿ 'ಬಂದರು' ಎಂದೇ ಕ್ರಿಯಾಪದ. ಐವರಾದೊಡನೆಯೇ 'ಬಂದಿತು' ಎಂದಾಗುತ್ತದೆ, ನಪುಂಸಕಲಿಂಗ, ಏಕವಚನ. ಇಪ್ಪತ್ತೊಂದರವರೆಗೂ ಬಂದದ್ದು ಬಂದಿತೇ. ಇಪ್ಪತ್ತೆರಡಕ್ಕೆ ಮತ್ತೆ ಮರ್ಯಾದೆ ಮರಳಿ 'ಬಂದರು'. ಇಪ್ಪತ್ತೈದಕ್ಕೆ ಪುನಃ ಹೋಗುತ್ತದೆ. ಸರ್ವನಾಮದಲ್ಲಿಯೂ ಹೆಂಗಸರು, ನಾಯಿಗಳು, ಕುರ್ಚಿಗಳು ಒಂದೇ ಬಹುವಚನದಡಿ ಬಾಳಬೇಕು. ಗುಂಪಿನಲ್ಲಿ ಒಬ್ಬ ಗಂಡಸು ಬಂದು ನಿಂತನೆಂದರೆ ಇಡೀ ಗುಂಪು ಮೇಲಿನ ವರ್ಗಕ್ಕೆ ಏರುತ್ತದೆ. ನಮ್ಮಲ್ಲಿ ಮನುಷ್ಯರೆಲ್ಲರೂ ಅವರು, ಉಳಿದುವೆಲ್ಲ ಅವು ಎಂದು ನಾನು ವಿವರಿಸಿದಾಗ ನನ್ನ ಭಾಷೆಯ ಮೇಲೆ ಪಾನಿಯವರಿಗೆ ಪ್ರಥಮತಃ ಗೌರವ ಹುಟ್ಟಿತು. ೞಕಾರದ ಅಪರಾಧವನ್ನೂ ಆಗ ಕ್ಷಮಿಸಿದರೆಂದು ಕಾಣುತ್ತದೆ.

ಇಂಥ ಭಾಷೆಯನ್ನು ತಪ್ಪಿಲ್ಲದೆ ಬರೆಯುವುದು ಕ್ರೀಡೆಯೆಂದೇ ಪರಿಗಣಿತವಾದರೆ ಆಶ್ಚರ್ಯವೇನು? ಕ್ರಿಸ್ತಿನಾ ಬೊಹೆನೆಕ್ ಎಂಬ ರೇಡಿಯೋ ಪತ್ರಕರ್ತೆಯವರು 1987ರಲ್ಲಿ ಕಾತೊವಿತ್ಸೆ ನಗರದಲ್ಲಿ ಅಖಿಲ ಪೋಲೆಂಡ್ ಉಕ್ತಲೇಖನದ ಸ್ಪರ್ಧೆಯನ್ನು ಆರಂಭಿಸಿದರು. ಬೆಳೆದ ಗಂಡಸರೂ ಹೆಂಗಸರೂ ದೂರದೂರುಗಳಿಂದ ರೈಲು ಹತ್ತಿ ಬಂದು, ಮೇಜುಗಳ ಮುಂದೆ ಸಾಲಾಗಿ ಕುಳಿತು, ಬೇಕೆಂದೇ ಕ್ಲಿಷ್ಟಗೊಳಿಸಿದ ಗದ್ಯವನ್ನು ಬೆವರುತ್ತ ಬರೆದರು. ಯಾನ್ ಮ್ಯೊದೆಕ್ ಎಂಬ ವಿದ್ವಾಂಸರು ದೂರದರ್ಶನದಲ್ಲಿ ಶುದ್ಧಭಾಷೆಯ ವಿಷಯವಾಗಿ ಬಹುವರ್ಷ ಮಾತಾಡಿ ಮನೆಮಾತಾದರು. ಉಕ್ತಲೇಖನದ ಸ್ಪರ್ಧೆಗೆ ತಾವೇಕೆ ಹೋಗಲಿಲ್ಲವೆಂದು ಪಾನಿಯವರನ್ನು ಕೇಳಿದೆ. ಸಂಬಳ ಪಡೆದು ಮಾಡಿದ್ದನ್ನು ಬಹುಮಾನಕ್ಕಾಗಿ ಮಾಡುವುದಿಲ್ಲವೆಂದರು.

ನನ್ನ ಬರೆವಣಿಗೆಯಲ್ಲಿ ಅವರಿಗೆ ಇಷ್ಟವಾಗದುದು ವಾಕ್ಯಗಳ ಉದ್ದ. ಒಂದು ಕ್ರಿಯಾಪದಕ್ಕಾಗಿ ಪುಟದ ತುದಿಯವರೆಗೆ ಕಾಯಿಸುವುದು ಶಿಷ್ಟಾಚಾರವಲ್ಲವೆಂದು ಅವರು ಆಕ್ಷೇಪಿಸಿದರು. ಕನ್ನಡದಲ್ಲಿ ಕ್ರಿಯಾಪದವು ವಾಕ್ಯದ ಕೊನೆಯಲ್ಲಿಯೇ ಬರತಕ್ಕದ್ದು, ನಾನು ಬೆಳೆದ ಕಾಲದ ಪ್ರಬಂಧಕಾರರೆಲ್ಲ ಹಾಗೆಯೇ ಬರೆಯುತ್ತಿದ್ದರು ಎಂದು ನಾನು ಪ್ರತಿವಾದಿಸಿ, ಅವರ ದೇಶದ ಉದಾಹರಣೆಯನ್ನೇ ಮುಂದಿಟ್ಟೆ. ಯೆಝಿ ಅಂಜೆಯೆಫ್ಸ್ಕಿಯವರು 1960ರಲ್ಲಿ ಪ್ರಕಟಿಸಿದ 'ಬ್ರಾಮಿ ರಾಯು' ಎಂಬ ಕಾದಂಬರಿಯಲ್ಲಿರುವುದು ಎರಡೇ ವಾಕ್ಯಗಳು. ಅವುಗಳಲ್ಲಿ ಎರಡನೆಯದು ಕೆಲವೇ ಪದಗಳದು, ಉಳಿದ ಪುಸ್ತಕವೆಲ್ಲ ಮೊದಲನೆಯದು. ಪಾನಿಯವರು ಬಹಳ ಹೊತ್ತು ಯೋಚಿಸಿ, "ಅದರ ಪ್ರೂಫು ನನ್ನ ಪಾಲಿಗೆ ಬರಲಿಲ್ಲ" ಎಂದು ಶಿಲುಬೆಯ ಗುರುತು ಮಾಡಿಕೊಂಡರು.

ಅವರ ಕಪಾಟಿನಲ್ಲಿ, ಯೊದ್‌ವೊಫ್ಸ್ಕಿ ಮತ್ತು ತಶಿತ್ಸ್ಕಿ ಎಂಬ ಪಂಡಿತದ್ವಯರ ಕಾಗುಣಿತದ ಕೈಪಿಡಿಯ ಪಕ್ಕದಲ್ಲಿ, ಮದರಾಸಿನಲ್ಲಿ ಅಚ್ಚಾದ ಒಂದು ಪೋಲಿಷ್ ಭಗವದ್ಗೀತೆ ಇದೆ. ಉಮಾದೇವಿಯೆಂದು ಭಾರತದಲ್ಲಿ ಹೆಸರಾಗಿ, ಮುಂದೆ 1971ರಲ್ಲಿ ಮೈಸೂರಿನಲ್ಲಿ ದೇಹಬಿಟ್ಟ ವಾಂದಾ ದಿನೊಫ್ಸ್ಕಾ ಅವರು 1940ರ ದಶಕದಲ್ಲಿ ಸ್ಥಾಪಿಸಿದ ಗ್ರಂಥಮಾಲೆಯದು. ಪೋಲಿಷ್ ವರ್ಣಮಾಲೆಯ 32 ಅಕ್ಷರಗಳಲ್ಲಿ ಒಂಬತ್ತು, ಕಡ್ಡಿ, ಚುಕ್ಕೆ, ಬಾಲ, ಅಡ್ಡಗೆರೆ ಎಂದು ಏನಾದರೊಂದನ್ನು ಹೊತ್ತುಕೊಂಡೇ ಇರುವಂಥವು. ಅವನ್ನೆಲ್ಲ ಮದರಾಸಿನ ಬಿಸಿಲಿನಲ್ಲಿ ಕುಳಿತು ಒಂದೊಂದಾಗಿ ನೋಡಿದವರು ಯಾರೋ! ಪಾನಿಯವರು ಆ ಪುಸ್ತಕವನ್ನು ನನ್ನ ಕೈಗೆ ಕೊಡುವಾಗ ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡರು. ನಾನು ಕಂಡಂತೆ ಅದು ಒಂದೇ ಸಲ.

ಇಷ್ಟನ್ನು ಕಲಿತು, ಅಂಚೆಯ ಕಾಗದವೊಂದನ್ನು ಅವರು ಕೆಂಪು ಗೆರೆಯಿಲ್ಲದೆ ಹಿಂದಿರುಗಿಸುವ ಮಟ್ಟಕ್ಕೆ ನಾನು ಮುಟ್ಟುವ ಹೊತ್ತಿಗೆ, ಪೋಲಿಷ್ ಭಾಷಾ ಪರಿಷತ್ತಿನವರು 2024ರಲ್ಲಿ ಸಾರಿದ್ದ ಹೊಸ ನಿಯಮಗಳು 2026ರ ಜನವರಿ 1ರಿಂದ ಜಾರಿಗೆ ಬಂದವು. ಹಿಂದೆ ಒಂದೊಂದು ಕಡೆ ಒಂದೊಂದು ಬಗೆಯಾಗಿದ್ದ ನಿಷೇಧಾವ್ಯಯವನ್ನು ವಿಶೇಷಣಗಳ ತರತಮರೂಪಗಳಿಗೂ ಕೂಡಿಸಿಯೇ ಬರೆಯಬೇಕು, ಅವ್ಯಯಗಳಿಗೆ ಅಂಟಿಕೊಂಡಿದ್ದ ಸಂಭಾವನಾರ್ಥದ ಪ್ರತ್ಯಯವನ್ನು ಬಿಡಿಸಬೇಕು, ಇಂಥವು ಅನೇಕ. ಇವುಗಳಲ್ಲಿ ಪಾನಿಯವರನ್ನು ಅಲುಗಿಸಿದುದು ದೊಡ್ಡಕ್ಷರದ ನಿಯಮ. ದೊಡ್ಡಕ್ಷರ ಚಿಕ್ಕಕ್ಷರಗಳ ತಾರತಮ್ಯವಿಲ್ಲದ ಲಿಪಿಯಲ್ಲಿ ಬೆಳೆದ ನಮಗೆ ಇದರ ಗಾಂಭೀರ್ಯ ಸುಲಭವಾಗಿ ತಿಳಿಯಲಾರದು. ಅಲ್ಲಿಯವರೆಗೆ ಪೋಲೆಂಡಿನವಳು ಎಂಬುದಕ್ಕೆ ದೊಡ್ಡಕ್ಷರ, ಕ್ರಾಕೋವಿನವಳು ಎಂಬುದಕ್ಕೆ ಚಿಕ್ಕಕ್ಷರ. ದೇಶಕ್ಕಿದ್ದ ಮರ್ಯಾದೆ ಊರಿಗಿರಲಿಲ್ಲ. ಹೊಸ ನಿಯಮದಂತೆ ಊರಿನವರಿಗೂ ದೊಡ್ಡಕ್ಷರ. ಹುಟ್ಟಿದಾರಭ್ಯ ಚಿಕ್ಕಕ್ಷರದ ಕ್ರಾಕೋವಿನವರಾಗಿದ್ದು, ಇತರರು ಬರೆದ ದೊಡ್ಡಕ್ಷರಗಳನ್ನು ತಮ್ಮ ಕೈಯಿಂದಲೇ ಸಾವಿರಗಟ್ಟಲೆ ಹೊಡೆದುಹಾಕಿದ್ದ ಅವರಿಗೆ ಇಳಿವಯಸ್ಸಿನಲ್ಲಿ ಸರ್ಕಾರದ ವಿಶ್ರಾಂತಿವೇತನದ ಜೊತೆಗೆ ಈ ಬಡ್ತಿಯೂ ದೊರೆಯಿತು. ಹೊಸವರ್ಷದ ದಿನ ಚಹಾಕ್ಕೆ ಕರೆದು, ಮುಖದಲ್ಲಿ ಸಂತೋಷವನ್ನು ತೋರಗೊಡದೆ, ನಿಯಮದ ಪ್ರತಿಯನ್ನು ನನಗೆ ಓದಿಹೇಳಿದರು.

"ಹಳ್ಳಿಯವರಿಗೂ ಅನ್ವಯಿಸುತ್ತದೆ, ಪಾನ್ಯೆ ಪ್ರೊಫೆಸೊಝೆ. ತೀರ್ಥಹಳ್ಳಿಯವರಾದ ತಾವೂ ಇಂದಿನಿಂದ ದೊಡ್ಡಕ್ಷರವೇ."

ನಾನು ವಂದಿಸಿದೆ. ಜೊತೆಯಲ್ಲಿದ್ದ ಅಳಿಯಂದಿರು ನಿಯಮದ ಕಾಗದವನ್ನು ಇಣಿಕಿ ನೋಡಿ, ನಗರದ ಬಡಾವಣೆಗಳ ನಿವಾಸಿಗಳಿಗೂ ಹಾಗೆಯೇ ಎಂದು ಬರೆದಿದೆಯಲ್ಲ, ಹಾಗಾದರೆ ನೊವಾ ಹುತಾದವರಿಗೂ ಆಯಿತು ಎಂದರು. ಉಕ್ಕಿನ ಕಾರ್ಖಾನೆಗಾಗಿ 1949ರಿಂದ ಕಟ್ಟಲ್ಪಟ್ಟು 1951ರಲ್ಲಿ ಕ್ರಾಕೋವಿಗೆ ಸೇರಿಸಲ್ಪಟ್ಟ ಆ ಬಡಾವಣೆಯನ್ನು ಹಳೆಯ ಕ್ರಾಕೋವಿನವರು ಇನ್ನೂ ಮನಸ್ಸಿನಲ್ಲಿ ಸೇರಿಸಿಕೊಂಡಿಲ್ಲವೆಂಬುದು ಅಳಿಯಂದಿರಿಗೆ ತಿಳಿದಿರಲಿಲ್ಲ. ಪಾನಿಯವರು ಚಹಾದ ಲೋಟವನ್ನು ಕೆಳಗಿಟ್ಟರು.

"ನೊವಾ ಹುತಾದವರಿಗೂ?"

ಕಾಗದವನ್ನು ಅಳಿಯಂದಿರ ಕೈಯಿಂದ ತೆಗೆದುಕೊಂಡು, ಕನ್ನಡಕವನ್ನು ಒರಸಿ ಹಾಕಿಕೊಂಡು, ಆ ವಾಕ್ಯದಲ್ಲಿ ಎಲ್ಲಿಯಾದರೂ ಅಲ್ಪವಿರಾಮವೊಂದು ತಪ್ಪಿದ್ದು, ಅದನ್ನು ಸರಿಪಡಿಸಿದರೆ ಬೇರೆ ಅರ್ಥ ಬರಬಹುದೇ ಎಂದು ಪೆನ್ಸಿಲ ತುದಿಯಿಂದ ಪದಪದವಾಗಿ ಹುಡುಕತೊಡಗಿದರು.